ಬಾಡಿಗೆಯ ಪಿಟೀಲು

ಅರಳಗುಪ್ಪೆಯ ನಮಗೆ ಬಾಡಿಗೆ ಎಂಬುದು ಅವಮಾನವಲ್ಲ. ಗುಬ್ಬಿ ವೀರಣ್ಣನವರ ಈ ಜಿಲ್ಲೆಯಲ್ಲಿ ಪೌರಾಣಿಕ ನಾಟಕ ಆಡುವ ಹಳ್ಳಿಗಳು ಸೀನರಿ, ಕಿರೀಟ, ಗದೆಗಳನ್ನು ಬಾಡಿಗೆಗೇ ತರುತ್ತವೆ. ಆದರೆ ಒಂಬತ್ತು ವರ್ಷದ ನಮ್ಮ ಹುಡುಗಿ ಪಿಟೀಲು ಕಲಿಯುತ್ತೇನೆಂದಾಗ, "ಬಾಡಿಗೆ ಕಟ್ಟುವ ಹಣದಲ್ಲಿ ವಾದ್ಯವೇ ಬರುತ್ತದೆ, ಕೊಂಡುಬಿಡಿ" ಎಂದರು ಹಿರಿಯರು.

ಲೆಕ್ಕವೇನೋ ಸರಿ. ಆದರೆ ಮಗುವಿನ ತೋಳು ಬೆಳೆಯುತ್ತಲೇ ಇರುತ್ತದೆ. ಪಿಟೀಲಿಗೆ ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂಬ ಅಳತೆಗಳಿವೆ. ಇಂದು ಕೊಂಡದ್ದು ಒಂದೆರಡು ವರ್ಷದಲ್ಲಿ ಚಿಕ್ಕದಾಗುತ್ತದೆ. ದೊಡ್ಡದನ್ನೇ ಕೊಟ್ಟರೆ ಬೆರಳು ಸ್ವರಸ್ಥಾನಕ್ಕೆ ಎಟುಕದೆ, ಭುಜ ನೋಯುತ್ತದೆ. ಹಾರ್ಮೋನಿಯಂ ಹಾಗಲ್ಲ; ಹುಡುಗನಿಗೂ ಮುದುಕನಿಗೂ ಒಂದೇ. ಅದನ್ನು ಕೊಳ್ಳಬಹುದು.

ಇನ್ನೊಂದು ಮಾತಿದೆ. ಕೊಂಡ ವಾದ್ಯ ಮಗುವಿನ ಹೆಗಲ ಮೇಲೆ ಸಾಲದಂತೆ ಕೂರುತ್ತದೆ. "ಅಷ್ಟು ದುಡ್ಡು ಸುರಿದೆವು" ಎಂದು ದಿನವೂ ಕೇಳುವ ಮಗುವಿಗೆ ಸಂಗೀತ ಒಲಿಯುವುದಾದರೂ ಹೇಗೆ?

ಅಟ್ಟಕ್ಕೇರಿಸಿದ ಕಾಯಿ ಉಂಡೆ ಕೊಬ್ಬರಿಯಾಗಲು ನಾವು ಸುಮಾರು ಒಂದು ವರ್ಷ ಕಾಯುತ್ತೇವೆ, ನಡುವೆ ಒಡೆದು ನೋಡುವುದಿಲ್ಲ. ಹುಡುಗಿಗೂ ಅಷ್ಟು ಸಮಯ ಕೊಟ್ಟೆವು. ಎಂಟು ತಿಂಗಳಾಯಿತು; ಸರಳೆ ವರಸೆ ದಾಟಿ ಜಂಟಿ ವರಸೆಗೆ ಬಂದಿದ್ದಾಳೆ. ತೋಳು ಪೂರ್ಣ ಅಳತೆಗೆ ಬಂದ ದಿನ ಕೊಳ್ಳುತ್ತೇವೆ. ಅಂದು ಅಂಗಡಿಯಲ್ಲಿ ಅವಳೇ ನುಡಿಸಿ ಆರಿಸಲಿ.