ಮಾರಿ ಯಾರದರ ಇರಲಿ

ನಮ್ಮವ್ವನ ಶುಗರು ಕಡೀಕ ಕಣ್ಣಿನ ಪರದೆಗೆ ಬಂತು. ಲೇಸರ್ ಆತು, ಇಂಜೆಕ್ಷನ್ ಆತು. "ಎದುರಿಗೆ ಯಾರರ ನಿಂತ್ರ ನೆಳ್ಳು ಕಂಡಂಗ ಆಗ್ತದವಾ" ಅನ್ನೋ ಮಟ್ಟಕ್ಕ ಬಂದ ಮ್ಯಾಲೆ ನಾ ಒಂದು ಶಾಣ್ಯಾತನ ಮಾಡಿದೆ. ಆಕಿ ಕೂತಲ್ಲೆ ಟಿ.ವಿ. ಹಚ್ಚೋದು ಬಿಟ್ಟೆ. ಕಾಣದವರ ಮುಂದ ಟಿ.ವಿ. ಹಚ್ಚಿದ್ರ ಮನಸ್ಸಿಗೆ ಹತ್ತತದ ಅಂತ ನನ್ನ ಲೆಕ್ಕ. ಅವ್ವ ಏನೂ ಅನ್ನಲಿಲ್ಲ. ಅವರಿಕಾಯಿ ಸುಲಕೋತ ಸುಮ್ನ ಕೂಡತಿದ್ಲು.

ಒಂದು ಐತವಾರ ನಮ್ಮನಿಯವರು ಯಾವುದೋ ಹಳೇ ಸಿನಿಮಾ ಹಚ್ಚಿದ್ರು. ಮಾಧವಿ ಹೀರೋಯಿನ್. ಅವ್ವ ಸುಲಿಯೋದು ನಿಲ್ಲಿಸಿ, "ಕುರುಡವ್ವ ಅಲ್ಲೇನ?" ಅಂದ್ಲು.

ನನ್ನ ಎದಿ ಧಸಕ್ ಅಂತು. ತನಗ ತಾನ ಅಂದಕೊಂಡ್ಲೇನೋ ಅಂತ.

"ಏ, ನಾಗಮಂಡಲದಾಗ ಕುರುಡವ್ವನ ಪಾರ್ಟು ಮಾಡ್ಯಾಳಲ್ಲ, ಜಯಶ್ರೀ. ಆಕಿ ಮಾತಾಡ್ಲಿಕತ್ತಾಳ."

"ಇಲ್ಲವಾ, ಇಕಿ ಮಾಧವಿ."

"ಮಾರಿ ಯಾರದರ ಇರಲಿ. ಧ್ವನಿ ಆಕಿದು."

ಆಮ್ಯಾಲೆ ಹುಡುಕಿ ನೋಡಿದ್ರ, ಬಿ. ಜಯಶ್ರೀ ಅವರು ಮಾಧವಿ, ಜಯಪ್ರದಾ, ಅಂಬಿಕಾ ಅಂಥಾ ಎಷ್ಟೋ ನಾಯಕಿಯರಿಗೆ ಧ್ವನಿ ಕೊಟ್ಟಾರಂತ! ಇಷ್ಟು ವರ್ಷ ಕಣ್ಣು ಕಿಸಿದು ನೋಡಿದ ನನಗ ಗೊತ್ತಾಗಿರಲಿಲ್ಲ.

ಡಬ್ಬಿಂಗ್ ಅಂದ್ರ ಸಣ್ಣ ಕೆಲಸ ಅಲ್ರಿ. ಕತ್ತಲಿ ಖೋಲಿಯೊಳಗ ಮೈಕಿನ ಮುಂದ ನಿಂತು, ತೆರಿ ಮ್ಯಾಲೆ ಇನ್ನೊಬ್ಬಾಕಿ ತುಟಿ ಯಾವಾಗ ತೆರೀತಾವ, ಯಾವಾಗ ಮುಚ್ಚತಾವ ನೋಡಕೋತ ಮಾತು ಕೂಡಸಬೇಕು. ಆಕಿ ಅತ್ರ ಇವರು ಅಳಬೇಕು, ಆಕಿ ಓಡಿದ್ರ ನಿಂತಲ್ಲೇ ತೇಕಬೇಕು. ಒಂದು ಮಾತು ಹಿಂದಮುಂದ ಆತಂದ್ರ ಮತ್ತ ಮೊದಲಿಂದ. ಇಷ್ಟೆಲ್ಲಾ ಮಾಡಿದ ಮ್ಯಾಲೆ ಮಂದಿ ಚಂದ ಅನ್ನೋದು ಕಂಡ ಮಾರಿಗೆ.

ಜಯಶ್ರೀ ಅವರು ಗುಬ್ಬಿ ವೀರಣ್ಣನವರ ಮೊಮ್ಮಗಳು. ಸಣ್ಣಾಕಿದ್ದಾಗನ ಕಂಪನಿ ನಾಟಕದಾಗ ಬಣ್ಣ ಹಚ್ಚಿದವರು. ಆಮ್ಯಾಲೆ ದಿಲ್ಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು. ಬೆಂಗಳೂರಿಗೆ ಬಂದು 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ', 'ಕರಿಮಾಯಿ' ಆಡಿಸಿದರು, ಹಾಡಿದರು. 'ನನ್ನ ಪ್ರೀತಿಯ ಹುಡುಗಿ' ಸಿನಿಮಾದ ಕಾರಿನ ಹಾಡು ಹಾಡಿದವರೂ ಅವರ. 2013ರಲ್ಲಿ ಪದ್ಮಶ್ರೀ ಬಂತು. 1997ರ 'ನಾಗಮಂಡಲ'ದಾಗ ನಮ್ಮ ಕಡೆ ಮಾತು ಎಷ್ಟು ಸಲೀಸಾಗಿ ಆಡ್ಯಾರಂದ್ರ, ಅವ್ವ ಇಷ್ಟು ದಿನಾ ಅವರನ್ನ ಇಲ್ಲೇ ನಮ್ಮ ಧಾರವಾಡ ಸುತ್ತಮುತ್ತಿನಾಕಿ ಅಂತನ ತಿಳಕೊಂಡಿದ್ಲು!

ಇದನ್ನೆಲ್ಲಾ ಓದಿ ಹೇಳಿದ್ರ ಅವ್ವಗೇನೂ ಆಶ್ಚರ್ಯ ಆಗಲಿಲ್ಲ.

"ಕಂಪನ್ಯಾಗ ಬೆಳದಾಕಿ ಅಂದ್ಯಲ್ಲ, ಮತ್ತ! ನಮ್ಮೂರ ಜಾತ್ರಿಗೆ ಕಂಪನಿ ಬಂದ್ರ ನಮ್ಮಪ್ಪ ಕಡೀ ಸಾಲಿನ ಚೀಟಿ ತಗಸ್ತಿದ್ದ. ಮುಂದ ಗಂಡಸರ ಪಟಗಾ. ಏನ್ ಕಾಣತಿತ್ತು, ಮಣ್ಣು! ಬರೇ ಕೇಳಿಸಿಕೊಂಡ ಬರ್ತಿದ್ವಿ. ಮರುದಿನ ಬಾವಿಕಟ್ಟಿಗೆ ಇಡೀ ನಾಟಕ ನಾವ ಆಡ್ತಿದ್ವಿ."

ಸ್ವಲ್ಪ ತಡದು ಅಂದ್ಲು, "ಕಣ್ಣು ಹೋದ್ರ ನಾಟಕ ಹೋಗಂಗಿಲ್ಲವಾ. ನೀ ಯಾಕ ಬಂದ್ ಮಾಡಿದಿ?"

ನನ್ನ ಕಡೆ ಉತ್ತರ ಇರಲಿಲ್ಲ. ಎರಡು ತಿಂಗಳು ಆಕಿನ್ನ ಮನಿಯೊಳಗ ಕತ್ತಲಿಗೆ ಕೂಡಿಸಿದ್ದು ಕಣ್ಣಲ್ಲ, ನನ್ನ ಕನಿಕರ. ಒಂದು ಮಾತು ಕೇಳಿದ್ರ ಆಗ್ತಿತ್ತು. ಕೇಳಿರಲಿಲ್ಲ.

ಈಗ ಸಂಜಿ ದೀಪ ಹಚ್ಚಿದ ಕೂಡಲೆ ಟಿ.ವಿ.ನೂ ಹಚ್ಚತೀವಿ. ಅವ್ವನ ಆಟ ಸುರು. "ಈ ಅತ್ತಿ ಖರೇ ಅಳವಲ್ಲಳು." "ಈ ಹುಡುಗಿಗೆ ಯಾರೋ ಬ್ಯಾರೆದಾಕಿ ಮಾತಾಡ್ಯಾಳ." ಮೊನ್ನೆ ನಾಗಮಂಡಲನ ಬಂದಿತ್ತು. ಕುರುಡವ್ವನ ಮಾತು ಬಂದ ಕೂಡಲೆ ಅವ್ವ "ಶ್ಶ್" ಅಂತ ನನ್ನ ಮೊಣಕಾಲಿನ ಮ್ಯಾಲೆ ಕೈ ಇಟ್ಲು.

ನಾನೂ ಕಣ್ಣು ಮುಚ್ಚಿ ಕೂತೆ. ಒಲಿ ಮ್ಯಾಲಿನ ಹಾಲು ಉಕ್ಕಿದ್ದೂ ಅವ್ವಗ ಮೊದಲು ಕೇಳಿಸ್ತು.