ಗಾಜಿನ ತೊಟ್ಟಿಯೂ ಗೃಹಸ್ಥಧರ್ಮವೂ

ಶ್ರಾವಕನ ಮನೆಯಲ್ಲಿ ಮೀನಿನ ತೊಟ್ಟಿ ಇರಬಹುದೇ ಎಂಬ ಪ್ರಶ್ನೆಗೆ ಶ್ರಾವಕಾಚಾರ ಗ್ರಂಥಗಳಲ್ಲಿ ನೇರವಾದ ಉತ್ತರವನ್ನು ಹುಡುಕಿ ಫಲವಿಲ್ಲ. ಅವು ರಚಿತವಾದ ಕಾಲದಲ್ಲಿ ಅಂಗಡಿಯಿಂದ ಗಾಜಿನ ಪೆಟ್ಟಿಗೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಮೀನನ್ನೂ ಕೊಂಡು ತರುವ ಪದ್ಧತಿಯೇ ಇರಲಿಲ್ಲ. ಆದರೆ ಪ್ರಶ್ನೆಯ ಬೇರು ಮಾತ್ರ ಅಲ್ಲಿಯೇ ಇದೆ. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಸ್ವೇಚ್ಛೆಯಾಗಿ ಚಲಿಸುವ ಜೀವವನ್ನು ಕಟ್ಟಿಹಾಕುವುದು ಒಂದು ದೋಷ; ಕಟ್ಟಿಹಾಕಿದ ಮೇಲೆ ಹೊತ್ತಿಗೆ ಸರಿಯಾಗಿ ಆಹಾರ ಕೊಡದಿರುವುದು ಇನ್ನೊಂದು ದೋಷ. ಮೀನಿನ ತೊಟ್ಟಿಯ ವಿಚಾರವೆಲ್ಲ ಈ ಎರಡರ ನಡುವೆಯೇ ಸುತ್ತುತ್ತದೆ.

ಕಾರ್ಕಳದ ಒಂದು ಮನೆಯಲ್ಲಿ ಈ ವಿಚಾರ ಹಲವು ತಿಂಗಳು ಚರ್ಚೆಗೆ ಬಂದಿತು. ಮನೆಯ ಹಿರಿಯರು ನಿವೃತ್ತ ಅಧ್ಯಾಪಕರು, ಊರಿನ ಬಸದಿಯ ಸಮಿತಿಯಲ್ಲಿ ಬಹುಕಾಲ ದುಡಿದವರು. ಮಗ ವ್ಯಾಪಾರಿ, ಸೊಸೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರು, ಮೊಮ್ಮಗಳಿಗೆ ಹತ್ತು ವರ್ಷ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗುವಾಗ ನೀರಿನಲ್ಲಿ ಮೀನುಗಳನ್ನು ಕಂಡ ಬಾಲಕಿಗೆ ಅಂಥದೇ ಒಂದು ಚಿಕ್ಕ ಕೆರೆ ಮನೆಯಲ್ಲಿಯೂ ಬೇಕೆನಿಸಿತು.

“ಅಜ್ಜ, ಕೆರೆಯಲ್ಲಿ ಮೀನು ಇದ್ದರೆ ತಪ್ಪಿಲ್ಲ, ನಮ್ಮ ಮನೆಯಲ್ಲಿ ಇದ್ದರೆ ತಪ್ಪಾ?” ಎಂದು ಕೇಳಿದಳು.

“ಕೆರೆಯ ಮೀನಿಗೆ ಬೇಡವಾದ ಕಡೆಯಿಂದ ಹೋಗಲಿಕ್ಕೆ ದಾರಿ ಉಂಟು ಮಗಾ” ಎಂದರು ಅಜ್ಜ.

ಬಾಲಕಿ ಸುಮ್ಮನಾಗಲಿಲ್ಲ, ಅರನಾಥ ತೀರ್ಥಂಕರರ ಲಾಂಛನವೇ ಮೀನಲ್ಲವೇ ಎಂದಳು. ಲಾಂಛನವನ್ನು ಪೀಠದಲ್ಲಿ ಕೆತ್ತುತ್ತಾರೆಯೇ ಹೊರತು ತೊಟ್ಟಿಯಲ್ಲಿ ಸಾಕುವುದಿಲ್ಲವೆಂದು ಅಜ್ಜ ನಕ್ಕರು. ಆದರೆ ಮಾತನ್ನು ಅಲ್ಲಿಗೇ ಮುಗಿಸಲಿಲ್ಲ. ಬೇಡವೆನ್ನುವುದು ಸುಲಭ, ಯಾಕೆ ಬೇಡವೆಂದು ಮಗುವಿಗೆ ತಿಳಿಯುವಂತೆ ಹೇಳುವುದು ಕಷ್ಟವೆಂಬುದು ಅಧ್ಯಾಪಕರಾಗಿದ್ದವರಿಗೆ ಗೊತ್ತು. ಸೊಸೆ ಮಧ್ಯಮಾರ್ಗವೊಂದನ್ನು ಸೂಚಿಸಿದರು: ತೊಟ್ಟಿ ಬರಲಿ, ಅದರಲ್ಲಿ ನೀರುಗಿಡಗಳು ಬೆಳೆಯಲಿ, ಮೀನಿನ ಮಾತು ಆಮೇಲೆ.

ಗಿಡವೂ ಜೀವವೇ ಎಂಬ ಆಕ್ಷೇಪಣೆ ಇಲ್ಲಿ ಸಹಜವಾಗಿ ಏಳುತ್ತದೆ. ವನಸ್ಪತಿಕಾಯಿಕವೂ ಏಕೇಂದ್ರಿಯ ಜೀವ; ನೀರೇ ಜಲಕಾಯಿಕ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕತ್ತರಿಸುವುದು ಮುಂತಾದವನ್ನು ಪ್ರಮಾದಚರ್ಯೆಯೆಂದು ಅನರ್ಥದಂಡಗಳ ಸಾಲಿಗೆ ಸೇರಿಸಿದ್ದಾರೆ. ಬರಿಯ ಅಲಂಕಾರಕ್ಕಾಗಿ ಇಟ್ಟ ತೊಟ್ಟಿ ಈ ಮಾತಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಇನ್ನು ವಾಸ್ತುವಿನ ಹೆಸರಿನಲ್ಲಿ ಎಂಟು ಕೆಂಪು ಮೀನು, ಒಂದು ಕಪ್ಪು ಮೀನು ಇಟ್ಟರೆ ಐಶ್ವರ್ಯ ಬರುವುದೆಂಬ ಚೀನಾ ದೇಶದ ನಂಬಿಕೆಯನ್ನು ಆಮದು ಮಾಡಿಕೊಂಡವರ ವಿಷಯವನ್ನು ಇಲ್ಲಿ ಎತ್ತದಿರುವುದೇ ಲೇಸು. ಆದರೆ ಮಗುವೊಂದು ಜೀವಿಗಳ ಪರಸ್ಪರ ಆಶ್ರಯವನ್ನು ಕಣ್ಣಾರೆ ಕಂಡು ಕಲಿಯುವುದು ನಿಷ್ಪ್ರಯೋಜನವೆಂದು ಹೇಳಲು ಅಜ್ಜನಿಗೆ ಮನಸ್ಸು ಬರಲಿಲ್ಲ.

ಈ ಪರಸ್ಪರ ಆಶ್ರಯವನ್ನು ಗಾಜಿನ ತೊಟ್ಟಿಯಲ್ಲಿ ಪರೀಕ್ಷಿಸಿ ನೋಡಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮುಖ್ಯರು. 1849ರಲ್ಲಿ ಅವರು ಸುಮಾರು 12 ಗ್ಯಾಲನ್ನಿನ ತೊಟ್ಟಿಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಇಟ್ಟರು. ಗಿಡ ಪ್ರಾಣವಾಯುವನ್ನು ಕೊಟ್ಟಿತು. ಆದರೆ ಉದುರಿದ ಎಲೆಗಳು ಕೊಳೆತು ನೀರು ಕೆಟ್ಟಿತು. ಕೆಲವು ಬಸವನಹುಳುಗಳನ್ನು ಸೇರಿಸಿದ ಮೇಲೆ ಅವು ಕೊಳೆತ ಎಲೆಯನ್ನು ತಿಂದು ನೀರನ್ನು ತಿಳಿಗೊಳಿಸಿದವು. ಈ ಫಲಿತಾಂಶ 1850ರಲ್ಲಿ ಪ್ರಕಟವಾಯಿತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು; ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು. ಪರಸ್ಪರೋಪಗ್ರಹದ ಪಾಠವನ್ನು ಬಾಲ್ಯದಿಂದ ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಮನೆಗೆ ಬಂದ ತೊಟ್ಟಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ್ದು. ಹೊಸಬರಿಗೆ ಇದಕ್ಕಿಂತ ಚಿಕ್ಕದು ಒಳ್ಳೆಯದಲ್ಲ. ನೀರು ಕಡಿಮೆಯಾದಷ್ಟೂ ಅದು ಬೇಗ ಕೆಡುತ್ತದೆ. ದುಂಡನೆಯ ಗಾಜಿನ ಬುರುಡೆಗಳಂತೂ ಮೀನಿಗೆ ಸೆರೆಮನೆಗಿಂತ ಕಡೆ. ತುಂಬಿದ ತೊಟ್ಟಿ 60 ಕಿಲೋಗ್ರಾಂ ಮೀರುವುದರಿಂದ ಗಟ್ಟಿಮುಟ್ಟಾದ ಮೇಜು ಬೇಕು, ನೇರ ಬಿಸಿಲು ಬೀಳದ ಜಾಗ ಬೇಕು. ತಳಕ್ಕೆ ಒಂದು ಅಂಗುಲ ಗೊಬ್ಬರವಿಲ್ಲದ ತೋಟದ ಮಣ್ಣು, ಅದರ ಮೇಲೆ ಅಷ್ಟೇ ದಪ್ಪಕ್ಕೆ ತೊಳೆದ ಮರಳು. ಯಂತ್ರಗಳನ್ನು ಕಡಿಮೆ ಮಾಡಿ ಮಣ್ಣನ್ನೂ ಗಿಡವನ್ನೂ ನೆಚ್ಚುವ ಈ ಕ್ರಮವನ್ನು ಅಮೆರಿಕೆಯ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪುಸ್ತಕವಾಗಿ ಬರೆದರು. ಇಂಗಾಲಾಮ್ಲದ ಸಿಲಿಂಡರ್ ಇದಕ್ಕೆ ಬೇಕಿಲ್ಲ. ನೀರನ್ನು ಮನೆಯ ಬಾವಿಯಿಂದಲೇ ಸೇದಿ ಎರಡು ಪದರದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದುದನ್ನು ಕೊಡದಲ್ಲಿ ಮೆಲ್ಲಗೆ ಬಾವಿಗೇ ಇಳಿಸಿದರು. ನಗರಗಳ ನಲ್ಲಿ ನೀರಾಗಿದ್ದರೆ ಕ್ಲೋರಿನ್ನಿನ ಚಿಂತೆ ಬೇರೆ ಇರುತ್ತಿತ್ತು.

ಅಂಗಡಿಯವನು ಗಿಡಗಳೊಂದಿಗೆ ಜಾವಾ ಪಾಚಿಯ ಒಂದು ಗೊಂಚಲನ್ನೂ ಕೊಡಲು ಬಂದ. ಪಾಚಿಯನ್ನು ಅನಂತಕಾಯವೆಂದು ಎಣಿಸುವುದು ಸಂಪ್ರದಾಯವಾದ್ದರಿಂದ ಅಜ್ಜ ಅದನ್ನು ಬೇಡವೆಂದರು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಕ್ರಿಪ್ಟೊಕೊರೈನ್ ಮಾತ್ರ ಮನೆಗೆ ಬಂದವು. ಕ್ರಿಪ್ಟೊಕೊರೈನ್ ಕುಲದ ಕೆಲವು ಜಾತಿಗಳು ಪಶ್ಚಿಮಘಟ್ಟದ ಹೊಳೆಗಳಲ್ಲಿ ತಾವಾಗಿ ಬೆಳೆಯುವಂಥವು. ನೆಟ್ಟ ಮೊದಲ ವಾರದಲ್ಲಿ ಅದರ ಎಲೆಗಳೆಲ್ಲ ಕರಗಿ ಹೋದಾಗ ಬಾಲಕಿ ಅತ್ತಳು. ಜಾಗ ಬದಲಾದರೆ ಈ ಗಿಡದ ಸ್ವಭಾವವೇ ಹಾಗೆ. ಬೇರನ್ನು ಕೀಳದೆ ಬಿಟ್ಟರೆ ಮತ್ತೆ ಚಿಗುರುತ್ತದೆ, ಚಿಗುರಿತು.

ದೀಪವನ್ನು ದಿನಕ್ಕೆ ಏಳು ಗಂಟೆಗಿಂತ ಹೆಚ್ಚು ಉರಿಸಬಾರದೆಂದು ಸೊಸೆ ನಿಯಮ ಮಾಡಿದರು. ಬೆಳಕು ಹೆಚ್ಚಾದರೆ ಗಾಜಿಗೆ ಪಾಚಿ ಕಟ್ಟುತ್ತದೆ, ಕಟ್ಟಿದ್ದನ್ನು ಕೆರೆಯಬೇಕಾಗುತ್ತದೆ. ಹುಟ್ಟಲು ಎಡೆಮಾಡಿಕೊಟ್ಟು ಆಮೇಲೆ ಕೊಲ್ಲುವುದಕ್ಕಿಂತ ಹುಟ್ಟದಂತೆ ಎಚ್ಚರ ವಹಿಸುವುದು ಜೈನ ಅಡುಗೆಮನೆಯಲ್ಲಿ ದಿನವೂ ನಡೆಯುವ ಯತ್ನಾಚಾರ. ತೊಟ್ಟಿಗೂ ಅದೇ ಅನ್ವಯಿಸಿತು. ಮೀನಿಲ್ಲದ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುವುದು ನಿಶ್ಚಯ. ಆದಕಾರಣ ಮೊದಲ ದಿನವೇ ಬಾಯಿಗೆ ಸಣ್ಣ ಕಣ್ಣಿನ ಬಲೆಬಟ್ಟೆಯನ್ನು ಬಿಗಿದರು. ಈ ಒಂದು ಬಟ್ಟೆಯನ್ನು ಮರೆತು ಆಮೇಲೆ ಔಷಧ ಸುರಿಯುವ ಮನೆಗಳೇ ಹೆಚ್ಚು.

ಕರೆಯದೆ ಬಂದವರೂ ಇದ್ದರು. ಗಿಡಗಳ ಎಲೆಗೆ ಅಂಟಿದ್ದ ಮೊಟ್ಟೆಗಳಿಂದ ಮೂರನೆಯ ವಾರದಲ್ಲಿ ಸಾಸಿವೆ ಗಾತ್ರದ ಬಸವನಹುಳುಗಳು ಹೊರಟವು. ಗಿಡಗಳನ್ನು ರಾಸಾಯನಿಕದಲ್ಲಿ ಅದ್ದಿದ್ದರೆ ಇವು ಬರುತ್ತಿರಲಿಲ್ಲವೆಂದು ಅಂಗಡಿಯವನು ಹೇಳಿದ. ಅದಕ್ಕೆ ಇಡೀ ಮನೆಯೇ ತಲೆಯಲ್ಲಾಡಿಸಿತು. ಚಿಪ್ಪಿನ ಜೀವಿಗಳು ದ್ವೀಂದ್ರಿಯಗಳು. ಬಂದವು ಇರಲಿ ಎಂದಾಯಿತು. ವಾರಿಂಗ್ಟನ್ನರ ತೊಟ್ಟಿಯಲ್ಲಿ ನಡೆದ ಕೆಲಸವೇ ಇಲ್ಲಿಯೂ ನಡೆಯಿತು, ಉದುರಿದ ಎಲೆ ನೀರಿನಲ್ಲಿ ಕೊಳೆಯಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆದವು. ಮೀನಿನ ಆಸೆಯನ್ನು ಬಾಲಕಿ ಬಿಟ್ಟಿರಲಿಲ್ಲ, ಕೇಳುವುದನ್ನು ಮಾತ್ರ ಬಿಟ್ಟಿದ್ದಳು. ಅಷ್ಟರಲ್ಲಿ ನೆರೆಮನೆಯ ಬ್ಯಾಂಕ್ ನೌಕರರಿಗೆ ದೂರದೂರಿಗೆ ವರ್ಗವಾಯಿತು. ಅವರ ಮನೆಯ ದುಂಡು ಬುರುಡೆಯಲ್ಲಿ ನಾಲ್ಕು ಗಪ್ಪಿ ಮೀನುಗಳಿದ್ದವು. ಒಯ್ಯುವುದಾಗದು, ಆನೆಕೆರೆಗೆ ಬಿಟ್ಟುಬಿಡುತ್ತೇವೆ, ಪುಣ್ಯವೂ ಆಯಿತು ಎಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾಕಿದ ಮೀನನ್ನು ಕೆರೆಗೋ ಬಸದಿಯ ಪುಷ್ಕರಿಣಿಗೋ ಬಿಡುವುದು ಅಭಯದಾನವೆಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಮೃಗಸೇನನೆಂಬ ಬೆಸ್ತನ ಕಥೆಯನ್ನು ಕೇಳದವರಿಲ್ಲ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲೆನೆಂದು ಮುನಿಗಳಲ್ಲಿ ವ್ರತ ತೊಟ್ಟ ಆತ, ಗುರುತಿಟ್ಟು ಬಿಟ್ಟ ಅದೇ ಮೀನು ಐದು ಬಾರಿ ಬಲೆಗೆ ಬಂದರೂ ಐದು ಬಾರಿಯೂ ಬಿಟ್ಟುಕೊಟ್ಟ. ಆದರೆ ಅವನು ಬಿಟ್ಟದ್ದು ಅದೇ ಹೊಳೆಯ ಮೀನನ್ನು ಅದೇ ಹೊಳೆಗೆ. ಗಪ್ಪಿಯ ಮೂಲ ದಕ್ಷಿಣ ಅಮೆರಿಕದ ಉತ್ತರ ಭಾಗ. ಪರದೇಶದ ಮೀನು ಕೆರೆಯಲ್ಲಿ ಬದುಕದಿದ್ದರೆ ಅದರ ಸಾವು. ಬದುಕಿ ಬೆಳೆದರೆ ಅಲ್ಲಿನ ಮೂಲನಿವಾಸಿಗಳ ಮೊಟ್ಟೆಮರಿಗಳಿಗೂ ಆಹಾರಕ್ಕೂ ಸಂಚಕಾರ. ಗಾಜು ಒರೆಸುವ ಮೀನೆಂದು ಮಾರಾಟವಾಗುವ, ಬಾಯಿಯಲ್ಲಿ ಅಂಟಿಕೊಳ್ಳುವ ದಕ್ಷಿಣ ಅಮೆರಿಕದ ಮೀನು ಹೀಗೆ ಮನೆಗಳಿಂದ ಹೊರಬಿದ್ದು ಕೇರಳ, ತಮಿಳುನಾಡು ಮೊದಲಾದೆಡೆಗಳ ಜಲಾಶಯಗಳಲ್ಲಿ ತುಂಬಿಕೊಂಡಿದೆ. ಸೋಸಿದ ನೀರಿನ ಜೀವಗಳನ್ನು ತಂದ ಬಾವಿಗೇ ಮರಳಿಸಬೇಕೆಂದು ವಿಧಿಸಿದ ಹಿರಿಯರಿಗೆ ಈ ಸೂಕ್ಷ್ಮ ತಿಳಿದಿತ್ತು. ಬಸದಿಗಳ ಆಡಳಿತ ಮಂಡಲಿಯವರು ಕೆರೆಯ ಮೆಟ್ಟಿಲ ಬಳಿ ಈ ಕುರಿತು ಒಂದು ಫಲಕ ಹಾಕಿಸಿದರೆ ಉಪಕಾರವಾದೀತು.

ಅಜ್ಜ ಒಂದು ರಾತ್ರಿ ಯೋಚಿಸಿ ಮೀನುಗಳನ್ನು ತರಲು ಒಪ್ಪಿದರು. ಕೊಂಡು ತಂದರೆ ಅಂಗಡಿಯವನು ಆ ಜಾಗಕ್ಕೆ ಇನ್ನೊಂದನ್ನು ತರಿಸುತ್ತಾನೆ. ವ್ಯಾಪಾರಕ್ಕೆ ಕಾಸು ಸೇರುತ್ತದೆ. ಆ ವ್ಯಾಪಾರದ ಬೆಲೆ ಎಷ್ಟೆಂಬುದಕ್ಕೆ ಮಿಸ್ ಕೇರಳ ಎಂದು ಪ್ರಸಿದ್ಧವಾದ ಮೀನೇ ಸಾಕ್ಷಿ. ಕೇರಳ ಮತ್ತು ಕರ್ನಾಟಕದ ಘಟ್ಟದ ಹೊಳೆಗಳಲ್ಲಲ್ಲದೆ ಬೇರೆಲ್ಲೂ ಸಹಜವಾಗಿ ಇಲ್ಲದ ಅದು ಅಲಂಕಾರಕ್ಕಾಗಿ ಹಿಡಿದು ಹಿಡಿದು ಅಳಿವಿನಂಚಿನ ಪಟ್ಟಿಗೆ ಸೇರಿದೆ. ನೆರೆಮನೆಯ ನಾಲ್ಕು ಮೀನುಗಳ ಬಂಧ ಮಾತ್ರ ಈಗಾಗಲೇ ಆಗಿಹೋದದ್ದು. ಅದನ್ನು ಬಿಡಿಸಲು ಸಾಧ್ಯವಿಲ್ಲ, ಸಡಿಲಿಸಬಹುದು. ನಾಲ್ಕೂ ಬಣ್ಣದ ಬಾಲದ ಗಂಡುಗಳೇ ಆಗಿದ್ದುದು ಇನ್ನೊಂದು ಸಮಾಧಾನ. ಹೆಣ್ಣಿದ್ದರೆ ತಿಂಗಳಿಗೊಮ್ಮೆ ಹತ್ತಾರು ಮರಿಗಳು, ಅವನ್ನು ತಿನ್ನುವ ತಾಯಿತಂದೆಗಳು, ಉಳಿದವುಗಳಿಗೆ ಜಾಗವಿಲ್ಲದ ತೊಟ್ಟಿ.

ತೊಟ್ಟಿಯೂ ಅಷ್ಟು ಹೊತ್ತಿಗೆ ಪಕ್ವವಾಗಿತ್ತು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯ ವಿಷ. ಮಣ್ಣು ಮರಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿ, ಮತ್ತೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿ ಪರಿವರ್ತಿಸುತ್ತವೆ. ಗಿಡಗಳು ಅಮೋನಿಯವನ್ನೂ ನೈಟ್ರೇಟನ್ನೂ ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಮೀನು ಬಿಡುವ ಹೊಸಬರ ಮನೆಗಳಲ್ಲಿ ಹದಿನೈದು ದಿನಗಳೊಳಗೆ ಮೀನು ಸಾಯುವುದಕ್ಕೆ ಮುಖ್ಯ ಕಾರಣ ಇದೇ. ಸತ್ತದ್ದರ ಬದಲಿಗೆ ಇನ್ನೊಂದು ತರುತ್ತಾರೆ, ಅದೂ ಸಾಯುತ್ತದೆ. ಆತುರವೂ ಹಿಂಸೆಯಾಗಬಲ್ಲದೆಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದು ಸಿಗದು.

ಕಷ್ಟ ಬಂದದ್ದು ಆಹಾರದಲ್ಲಿ. ನೆರೆಯವರು ಕೊಟ್ಟುಹೋದ ಡಬ್ಬಿಯ ಮೇಲೆ ಮೊದಲು ಬರೆದಿದ್ದ ವಸ್ತುವೇ ಮೀನಿನ ಪುಡಿ. ನಾಲ್ಕು ಮೀನುಗಳನ್ನು ಉಳಿಸಲು ಎಷ್ಟು ಮೀನುಗಳ ಪುಡಿ ಎಂದು ಅಜ್ಜಿ ಕೇಳಿದರು. ಹುಳುಗಳನ್ನು ಒಣಗಿಸಿ ಮಾರುವ ಆಹಾರದ ಮಾತಂತೂ ಎತ್ತುವಂತಿರಲಿಲ್ಲ. ಗಪ್ಪಿ ಮಿಶ್ರಾಹಾರಿಯಾದರೂ ಪಾಚಿ, ಸೊಪ್ಪುಗಳನ್ನು ಚೆನ್ನಾಗಿ ತಿನ್ನುತ್ತದೆ. ಬೇಯಿಸಿದ ಪಾಲಕದ ಎಲೆ, ಸಿಪ್ಪೆ ತೆಗೆದು ಹಿಚುಕಿದ ಬಟಾಣಿ, ಸ್ಪಿರುಲಿನದ ಪುಡಿ ಎಂದು ನಿರ್ಧಾರವಾಯಿತು. ನೀರಿನೊಳಗೆ ಅವು ತಾವಾಗಿ ಹುಡುಕಿ ತಿನ್ನುವುದನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲವೆಂದು ಅಜ್ಜ ಹೇಳಿದರು. ಇದು ಪೂರ್ಣ ಪರಿಹಾರವಲ್ಲ. ಮೀನಿನ ಸ್ವಭಾವಕ್ಕೆ ಮನೆಯ ವ್ರತವನ್ನು ಹೇರಿದಂತಾಗಲಿಲ್ಲವೇ ಎಂದು ಸೊಸೆ ಕೇಳಿದ್ದಕ್ಕೆ ಮನೆಯಲ್ಲಿ ಇನ್ನೂ ಉತ್ತರವಿಲ್ಲ. ಬೆಟ್ಟ ಮೀನಿನಂಥ ಮಾಂಸಾಹಾರಿ ಜಾತಿಯಾಗಿದ್ದರೆ ಈ ಏರ್ಪಾಡೂ ನಡೆಯುತ್ತಿರಲಿಲ್ಲ. ಆಗ ಅವನ್ನು ಬೇರೆ ಮನೆಗೆ ಒಪ್ಪಿಸುವುದೊಂದೇ ದಾರಿ.

ದಿನಕ್ಕೊಮ್ಮೆ, ಸೂರ್ಯಾಸ್ತಕ್ಕೆ ಮೊದಲು, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ. ಅನಸ್ತಮಿತ ಭೋಜನದ ನಿಯಮ ಮೀನಿಗೂ ಬಂತೆಂದು ಮಗ ತಮಾಷೆ ಮಾಡಿದರು. ಹಗಲು ಬೇಟೆಯಾಡುವ ಜೀವಕ್ಕೆ ಅದೇ ಸರಿಯಾದ ಹೊತ್ತು. ಜಂಬಿಟ್ಟಿಗೆ ನೆಲದ ಬಾವಿನೀರು ಗಪ್ಪಿಗೆ ಮೆದುವಾದ್ದರಿಂದ ಒಂದು ಹಿಡಿ ಸುಣ್ಣಕಲ್ಲಿನ ಚೂರುಗಳನ್ನು ಮರಳಿನ ಮೇಲೆ ಹರಡಿದರು. ವಾರಕ್ಕೊಮ್ಮೆ ಐದನೆಯ ಒಂದು ಭಾಗ ನೀರನ್ನು ಬದಲಿಸುವ ಕೆಲಸ ಬಾಲಕಿಯದು. ತೆಗೆದ ನೀರಿನಲ್ಲಿಯೂ ಕಣ್ಣಿಗೆ ಕಾಣುವ, ಕಾಣದ ಜೀವಗಳಿರುತ್ತವೆ. ಅದನ್ನು ನೆಲಕ್ಕೆ ಚೆಲ್ಲದೆ, ಬಾವಿಗೂ ಹಾಕದೆ, ಅಂಗಳದ ನೆರಳಿನಲ್ಲಿರುವ ಹಳೆಯ ಕಲ್ಲಿನ ಮರಿಗೆಗೆ ಸುರಿಯುತ್ತಾಳೆ. ಅದರಲ್ಲಿಯೂ ಹೈಡ್ರಿಲ್ಲಾ ಬೆಳೆದಿದೆ, ಬಾಯಿಗೆ ಬಲೆಬಟ್ಟೆ ಬಿಗಿದಿದೆ.

ಗಪ್ಪಿಯ ಆಯುಷ್ಯ ಎರಡು ಮೂರು ವರ್ಷ. ಇವು ಮುಗಿದ ಮೇಲೆ ಹೊಸದನ್ನು ತರುವುದಿಲ್ಲವೆಂದು ಅಜ್ಜನೂ ಮೊಮ್ಮಗಳೂ ಮೊದಲೇ ಮಾತಾಡಿಕೊಂಡಿದ್ದಾರೆ. ಅನಂತರ ತೊಟ್ಟಿಯನ್ನು ಏನು ಮಾಡುವುದೆಂದು ಕೇಳಿದರೆ, ಬಸವನಹುಳುಗಳಿವೆಯಲ್ಲ ಎನ್ನುತ್ತಾಳೆ ಅವಳು.