ಫೋಲ್ಡರಿನ ಹೊಟ್ಟೆಯಲ್ಲೊಂದು ಫೋಲ್ಡರು

ಪಟ್ಟಿ ಓದುವುದೆಂದರೆ ನನಗೆ ಪ್ರಾಣ. ಮದುವೆಯ ಕರೆಯೋಲೆಯಲ್ಲಿ ‘ಆಗಮನಾಭಿಲಾಷಿಗಳು’ ಎಂಬುದರ ಕೆಳಗೆ ಸಾಲುಗಟ್ಟಿದ ಹೆಸರುಗಳು, ಪಂಚಾಂಗದ ಕೊನೆಯ ಪುಟಗಳ ಜಾತ್ರೆ ರಥೋತ್ಸವಗಳು, ದಿನಸಿ ಅಂಗಡಿಗೆ ಕೊಟ್ಟ ಸಾಮಾನಿನ ಚೀಟಿ, ಯಾವುದಾದರೂ ಸರಿ. ಕತೆ ಬರೆಯುವವರು ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಾರೆ. ಪಟ್ಟಿಗೆ ಆ ದಾಕ್ಷಿಣ್ಯವಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಸುಮ್ಮನಾಗುತ್ತದೆ. ಉಳಿದದ್ದನ್ನು ಓದುವವರೇ ಕಟ್ಟಿಕೊಳ್ಳಬೇಕು. ನನ್ನ ಈ ಪಟ್ಟಿಮೋಹಕ್ಕೆ ಈಚಿನ ವರ್ಷಗಳಲ್ಲಿ ಎಡೆಬಿಡದೆ ಉಣಬಡಿಸುತ್ತಿರುವುದು, ನಮ್ಮ ಮನೆಯ ಫೋಟೋ, ಪತ್ರ, ಬರಹಗಳೆಲ್ಲ ಇರುವ ಸರ್ವರಿನ ಮೂಲೆಯಲ್ಲಿ ಕುಳಿತ ಹತ್ತು ಹನ್ನೆರಡು ಸಾಲಿನ, ಪಿಎಚ್‌ಪಿ ಎಂಬ ಗಣಕ ಭಾಷೆಯ ಒಂದು ಸ್ಕ್ರಿಪ್ಟು. ಕರೆದಾಗಲೆಲ್ಲ ಅದು ಒಂದು ಫೋಲ್ಡರನ್ನು ಹೊಕ್ಕು, ಅದರೊಳಗಿನ ಫೋಲ್ಡರನ್ನು ಹೊಕ್ಕು, ಅದರೊಳಗಿನದನ್ನೂ ಹೊಕ್ಕು, ಕಂಡದ್ದನ್ನೆಲ್ಲ ಸಾಲಾಗಿ ಬರೆದು ಕೊಡುತ್ತದೆ.

ಅದಕ್ಕೆ ಹೇಳಿಕೊಟ್ಟಿರುವ ಪಾಠ ತೀರ ಚಿಕ್ಕದು. ಎದುರಿಗಿರುವ ಫೋಲ್ಡರು ತೆರೆ. ಒಳಗಿರುವ ಒಂದೊಂದರ ಹೆಸರನ್ನೂ ಹೇಳು. ಅದು ಫೈಲಾಗಿದ್ದರೆ ಮುಂದಿನದಕ್ಕೆ ಹೋಗು. ಫೋಲ್ಡರಾಗಿದ್ದರೆ, ಈಗ ಹೇಳಿದ ಇಷ್ಟನ್ನೂ ಅದಕ್ಕೂ ಮಾಡು. ಅಷ್ಟೇ. ಎಷ್ಟು ಆಳಕ್ಕೆ ಹೋಗಬೇಕೆಂದು ಯಾರೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಆ ಕೊನೆಯ ಮಾತಿನಲ್ಲಿ ಎಲ್ಲ ಆಳವೂ ಅಡಗಿದೆ. ಮೂರು ಮಹಡಿ ಇಳಿಯುವ ಸ್ಕ್ರಿಪ್ಟಿಗೂ ಮೂವತ್ತು ಮಹಡಿ ಇಳಿಯುವ ಸ್ಕ್ರಿಪ್ಟಿಗೂ ಒಂದಕ್ಷರದ ವ್ಯತ್ಯಾಸವಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಹೊಸದಾಗಿ ಹಿಗ್ಗು.

ನಮಗೆ ಇದು ಅಪರಿಚಿತವೂ ಅಲ್ಲ. 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರವನ್ನು ತೆರೆಯಿರಿ. ಸಿಂಹ, ಎತ್ತುಗಳ ಕತೆ ನಡೆಯುತ್ತಿರುತ್ತದೆ. ನಡುವೆ ನರಿಯೊಂದು ಇನ್ನೊಂದು ನರಿಗೆ ಬುದ್ಧಿ ಹೇಳಲು ಹೊಸ ಕತೆ ತೆಗೆಯುತ್ತದೆ. ಆ ಕತೆಯೊಳಗಿನ ಪ್ರಾಣಿಯೂ ಬಾಯಿ ತೆರೆದರೆ ಮತ್ತೊಂದು ಕತೆ. ಕೇಳುವವರು ಎಷ್ಟೇ ಒಳಕ್ಕೆ ಹೋಗಿರಲಿ, ಒಳಗಿನದು ಮುಗಿದ ಕೂಡಲೇ ಹೊರಗಿನದು ನಿಂತ ಜಾಗದಿಂದಲೇ ಮುಂದುವರಿಯಬೇಕು. ಕತೆ ಹೇಳುವವರ ನಿಜವಾದ ಪರೀಕ್ಷೆ ಇರುವುದು ಈ ಹಿಂತಿರುಗುವಿಕೆಯಲ್ಲಿ. ಸ್ಕ್ರಿಪ್ಟಿನದೂ ಅದೇ. ಒಂದು ಫೋಲ್ಡರನ್ನು ಅರ್ಧಕ್ಕೆ ಬಿಟ್ಟು ಒಳಗೆ ಇಳಿಯುವಾಗ ಎಲ್ಲಿ ಬಿಟ್ಟೆ, ಮುಂದೆ ಯಾವ ಹೆಸರು ಎಂಬುದನ್ನು ಗಣಕ ‘ಸ್ಟ್ಯಾಕ್’ ಎಂಬ ನೆನಪಿನಲ್ಲಿ ಒಂದರ ಮೇಲೊಂದು ಒಟ್ಟಿಡುತ್ತದೆ. ಮೇಲಕ್ಕೆ ಬರುವಾಗ ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುತ್ತದೆ. ಇಳಿಯುವುದರಲ್ಲಿ ಅಂಥ ಹೆಚ್ಚುಗಾರಿಕೆಯಿಲ್ಲ. ಮೇಲೆದ್ದು ಬಂದು ಬಿಟ್ಟ ಸಾಲನ್ನೇ ಹಿಡಿಯುವುದು ದೊಡ್ಡದು.

ತನ್ನನ್ನೇ ಕರೆದುಕೊಳ್ಳುವ, ‘ರಿಕರ್ಶನ್’ ಎಂಬ ಈ ವಿದ್ಯೆಯನ್ನು ಗಣಕಗಳ ಲೋಕದಲ್ಲಿ ನೆಲೆಗೊಳಿಸಿದವರಲ್ಲಿ ಜಾನ್ ಮೆಕಾರ್ಥಿ ಮುಖ್ಯರು. ಲಿಸ್ಪ್ ಭಾಷೆಯನ್ನು ವಿವರಿಸಿದ 1960ರ ಅವರ ಪ್ರಬಂಧದ ಶೀರ್ಷಿಕೆಯಲ್ಲೇ ಇದರ ಹೆಸರಿದೆ. ಆಮೇಲೆ ಬಂದವರಿಗೆ ಇದು ಬರೀ ಉಪಕರಣವಾಗಿ ಉಳಿಯದೆ ಆಟವೂ ಆಯಿತು. ಕರ್ನಿಗನ್ ಮತ್ತು ರಿಚಿ ಬರೆದ ಸಿ ಭಾಷೆಯ ಪುಸ್ತಕದ 1988ರ ಎರಡನೆಯ ಆವೃತ್ತಿಯ ಪದಸೂಚಿಯಲ್ಲಿ ‘ರಿಕರ್ಶನ್’ ಎಂಬುದನ್ನು ಹುಡುಕಿದರೆ ಪುಟಸಂಖ್ಯೆಗಳ ಕೊನೆಯಲ್ಲಿ 269 ಎಂದಿದೆ. ಆ ಪದಸೂಚಿಯ ಪುಟವೇ 269. ಪಿಎಚ್‌ಪಿಯ ಹೆಸರೂ ಇದೇ ಜಾತಿಯದು. ರಾಸ್ಮಸ್ ಲರ್ಡಾರ್ಫ್ 1995ರಲ್ಲಿ ಅದನ್ನು ಹೊರತಂದಾಗ ‘ಪರ್ಸನಲ್ ಹೋಮ್ ಪೇಜ್’ ಎಂಬ ಸಾದಾ ಹೆಸರಿತ್ತು. ಈಗ ಅದರ ವಿಸ್ತಾರ ‘ಪಿಎಚ್‌ಪಿ: ಹೈಪರ್‌ಟೆಕ್ಸ್ಟ್ ಪ್ರಿಪ್ರೊಸೆಸರ್’. ಮೊದಲಿನ ಪಿಯನ್ನು ಬಿಡಿಸಹೊರಟರೆ ಮತ್ತೆ ಪಿಎಚ್‌ಪಿಯೇ ಸಿಗುತ್ತದೆ, ಅದನ್ನು ಬಿಡಿಸಿದರೆ ಇನ್ನೊಮ್ಮೆ. ಫೋಲ್ಡರಿನೊಳಗಿನ ಫೋಲ್ಡರನ್ನು ಹುಡುಕಲು ಇದಕ್ಕಿಂತ ಒಪ್ಪುವ ಭಾಷೆ ಇದ್ದೀತೇ!

ಫೋಲ್ಡರಿನೊಳಗೆ ಫೋಲ್ಡರು ಇರಬಹುದು ಎಂಬುದನ್ನೂ ಯಾರೋ ಒಮ್ಮೆ ಯೋಚಿಸಬೇಕಾಗಿತ್ತು. ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ರಾಬರ್ಟ್ ಡೇಲಿ ಮತ್ತು ಪೀಟರ್ ನ್ಯೂಮನ್ 1965ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಈ ಮರದಾಕಾರವಿದೆ. ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಮೊಳೆತ ಯುನಿಕ್ಸ್ ಅದನ್ನು ಮನೆಮಾತಾಗಿಸಿತು. ಯುನಿಕ್ಸ್ ಮರಕ್ಕೆ ಬೇರು ಮೇಲೆ, ಎಲೆ ಕೆಳಗೆ.

ಈಗ ಪ್ರತಿ ಫೋಲ್ಡರಿನೊಳಗೂ ಕೂತಿರುವ ಚುಕ್ಕಿಗಳ ವಿಷಯಕ್ಕೆ ಬರೋಣ. ಇಲ್ಲಿ ನಾನು ಬೇಕೆಂದೇ ತಡಮಾಡುತ್ತೇನೆ. ಯಾವ ಫೋಲ್ಡರನ್ನೇ ತೆರೆದರೂ, ಅದು ಖಾಲಿಯಾಗಿದ್ದರೂ, ಪಿಎಚ್‌ಪಿಯ ಸ್ಕ್ಯಾನ್‌ಡಿರ್ ಎಂಬ ಪಟ್ಟಿ ತೆಗೆಯುವ ಆಜ್ಞೆ ಎರಡು ಹೆಸರುಗಳನ್ನು ಕೊಟ್ಟೇ ಕೊಡುತ್ತದೆ. ಒಂದು ಒಂಟಿ ಚುಕ್ಕಿ. ಅದರ ಅರ್ಥ ‘ಇದೇ ಫೋಲ್ಡರು’. ಇನ್ನೊಂದು ಜೋಡಿ ಚುಕ್ಕಿ. ಅದು ‘ಇದನ್ನು ಹೊತ್ತ ಫೋಲ್ಡರು’. ಅಂದರೆ ಖಾಲಿ ಫೋಲ್ಡರೂ ತಾನು ಯಾರು, ತನ್ನ ಮನೆತನ ಯಾವುದು ಎಂಬೆರಡನ್ನು ಮರೆತಿರುವುದಿಲ್ಲ. ಎಲ್ಲಕ್ಕಿಂತ ಮೇಲಿನ ಬೇರು ಫೋಲ್ಡರಿನಲ್ಲೂ ಜೋಡಿ ಚುಕ್ಕಿ ಇದೆ. ಅದಕ್ಕಿಂತ ಮೇಲೆ ಏನೂ ಇಲ್ಲವಲ್ಲ, ಹಾಗಾಗಿ ಅಲ್ಲಿ ಅದು ತೋರುವುದು ತನ್ನನ್ನೇ. ತನಗೆ ತಾನೇ ತಂದೆ! ಸ್ವಯಂಭೂ ಎಂಬ ಕಲ್ಪನೆ ಇಷ್ಟು ನಿರಾಡಂಬರವಾಗಿ ಕೂತಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಚುಕ್ಕಿಗಳನ್ನು ಬಿಟ್ಟು ನಡೆಯಬೇಕೆಂದು ಸ್ಕ್ರಿಪ್ಟಿಗೆ ಹೇಳದಿದ್ದರೆ ಆಗುವ ಫಜೀತಿಯೂ ನೋಡತಕ್ಕದ್ದು. ಒಂಟಿ ಚುಕ್ಕಿ ಒಂದು ಫೋಲ್ಡರೇ ತಾನೇ? ಸ್ಕ್ರಿಪ್ಟು ಅದರೊಳಕ್ಕೆ ಹೋಗುತ್ತದೆ. ಹೋದರೆ ಸಿಗುವುದು ಅದೇ ಫೋಲ್ಡರು, ಅದರಲ್ಲಿ ಅದೇ ಒಂಟಿ ಚುಕ್ಕಿ. ನಿಂತಲ್ಲೇ ನಿಂತು ಆಳಕ್ಕೆ ಇಳಿಯುತ್ತಿದ್ದೇನೆ ಎಂದುಕೊಳ್ಳುತ್ತದೆ. ದಾರಿಯ ಹೆಸರು ಚುಕ್ಕಿ, ಓರೆಗೆರೆ, ಚುಕ್ಕಿ, ಓರೆಗೆರೆ ಎಂದು ಬೆಳೆಯುತ್ತ ಹೋಗಿ, ಲಿನಕ್ಸ್ ಒಂದು ದಾರಿಗೆ ಕೊಟ್ಟಿರುವ 4096 ಬೈಟುಗಳ ಮಿತಿಗೆ ಎಡವುತ್ತದೆ. ಇಲ್ಲವೇ ಅದಕ್ಕೂ ಮೊದಲೇ ವೆಬ್ಬಿನಿಂದ ಓಡುವ ಪಿಎಚ್‌ಪಿಗೆ ಸಾಮಾನ್ಯವಾಗಿ ಇರುವ 30 ಸೆಕೆಂಡುಗಳ ಗಡುವು ಮುಗಿಯುತ್ತದೆ. ಮೇಲಿನ ಫೋಲ್ಡರಿಗೇ ತಿರುಗಿಸಿ ಕಟ್ಟಿದ ಸಾಂಕೇತಿಕ ಕೊಂಡಿ, ಅದೇ ಸಿಮ್‌ಲಿಂಕ್, ಸಿಕ್ಕಿದರೂ ಇದೇ ಗಿರಕಿ. ಅಲ್ಲಿ 40 ಕೊಂಡಿಗಳನ್ನು ಹಾದಮೇಲೆ ಲಿನಕ್ಸೇ ಸಾಕೆಂದು ತಡೆಯುತ್ತದೆ.

ಚುಕ್ಕಿಯ ಕತೆಗೆ ಒಂದು ಉಪಕತೆಯಿದೆ. ಆ ಎರಡು ಹೆಸರುಗಳು ಪಟ್ಟಿಯಲ್ಲಿ ಕಾಣದಿರಲೆಂದು ಯುನಿಕ್ಸಿನ ಆರಂಭಕಾಲದಲ್ಲಿ ‘ಮೊದಲಕ್ಷರ ಚುಕ್ಕಿಯಾದರೆ ಬಿಟ್ಟುಬಿಡು’ ಎಂಬ ಚುಟುಕು ಪರೀಕ್ಷೆಯನ್ನು ಬರೆದರಂತೆ. ಬಿಡಬೇಕಾಗಿದ್ದುದು ಎರಡೇ ಹೆಸರು. ಆದರೆ ಚುಕ್ಕಿಯಿಂದ ಶುರುವಾಗುವ ಹೆಸರುಗಳೆಲ್ಲ ಆ ಮರೆಯಲ್ಲಿ ಕಣ್ಣಿಗೆ ಬೀಳದಾದವು, ಗುಪ್ತ ಫೈಲುಗಳೆಂಬ ಒಂದು ಕುಲವೇ ಹುಟ್ಟಿತು. ಇದನ್ನು ಹೇಳಿದವರು ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್. ಪಿಎಚ್‌ಪಿ ಆ ಮುಚ್ಚುಮರೆ ಮಾಡುವುದಿಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ ‘ಚುಕ್ಕಿ ಡಿಎಸ್ ಸ್ಟೋರ್’ ಕಂಡಾಗ ಈ ಫೋಲ್ಡರನ್ನು ಯಾರೋ ಮ್ಯಾಕ್‌ನಲ್ಲಿ ತೆರೆದಿದ್ದರು ಎಂದು ತಿಳಿಯುತ್ತದೆ. ‘ಥಂಬ್ಸ್ ಡಿಬಿ’ ಕಂಡರೆ ಹಳೆಯ ವಿಂಡೋಸ್‌ನವರು ಚಿತ್ರಗಳನ್ನು ನೋಡುತ್ತ ಕೂತಿದ್ದರು ಎಂದು. ಯಂತ್ರಗಳು ತಮಗೇ ತಿಳಿಯದೆ ಬಿಟ್ಟುಹೋದ ಈ ಗುರುತುಗಳನ್ನು ಅಳಿಸಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾರೆ. ಓಪನ್‌ಡಿರ್, ರೀಡ್‌ಡಿರ್ ಎಂಬ, ಫೋಲ್ಡರು ಓದುವ ಆಜ್ಞೆಗಳ ಹಳೆಯ ಜೋಡಿಯಿದೆ. ರೀಡ್‌ಡಿರ್ ಕರೆದಷ್ಟು ಸಲ ಒಂದೊಂದು ಹೆಸರು ಕೊಟ್ಟು, ಮುಗಿದಾಗ ‘ಇಲ್ಲ’ ಎನ್ನುತ್ತದೆ. ಹೆಸರು ಬರುತ್ತಿರುವಷ್ಟು ಹೊತ್ತು ಓದು ಎಂದು ಮೇಲುಮೇಲಕ್ಕೆ ಬರೆದರೆ ತೊಂಬತ್ತೊಂಬತ್ತು ಪಾಲು ಸರಿಯೇ. ಆದರೆ ಯಾರಾದರೂ ಒಂದು ಫೈಲಿಗೆ ಬರೀ ‘0’ ಎಂದು ಹೆಸರಿಟ್ಟಿದ್ದರೆ? ಪಿಎಚ್‌ಪಿಯ ಕಣ್ಣಿಗೆ ಸೊನ್ನೆಯೂ ‘ಇಲ್ಲ’ವೂ ಒಂದೇ. ಪಟ್ಟಿ ಅಲ್ಲಿಗೇ ನಿಂತುಬಿಡುತ್ತದೆ, ಆಚೆಗಿರುವ ಹೆಸರುಗಳು ಇಲ್ಲವೆಂದೇ ಆಗುತ್ತದೆ. ಅದಕ್ಕೇ ಬಲ್ಲವರು ‘ಬಂದದ್ದು ಇಲ್ಲವೇ ಇಲ್ಲ ಎಂಬುದೋ, ಇಲ್ಲವೆಂಬಂತೆ ಕಾಣುವುದೋ’ ಎಂದು ಮೂರು ಚಿಹ್ನೆಗಳ ಬಿಗಿಯಾದ ಹೋಲಿಕೆಯಿಂದ ಕೇಳಿಕೊಳ್ಳುತ್ತಾರೆ. ಸೊನ್ನೆ ಎಂಬ ಹೆಸರಿನ ಬಡಪಾಯಿಗೂ ಪಟ್ಟಿಯಲ್ಲಿ ಜಾಗವಿರಬೇಕೆಂಬ ಈ ಎಚ್ಚರ ನನಗೆ ಬಹಳ ಪ್ರಿಯ.

2004ರ ಪಿಎಚ್‌ಪಿ 5ರಲ್ಲಿ ಈ ಇಳಿದು ಏರುವ ಕೆಲಸವನ್ನೆಲ್ಲ ಸಿದ್ಧಮಾಡಿಕೊಟ್ಟಿದ್ದಾರೆ. ರಿಕರ್ಸಿವ್ ಇಟರೇಟರ್ ಇಟರೇಟರ್ ಎಂಬ ನಾಲಗೆ ಸುತ್ತುವ ಹೆಸರಿನವನಿಗೆ ಮೂರು ನಡಿಗೆ. ಎಲೆಗಳನ್ನಷ್ಟೇ ಹೇಳುವುದು ಒಂದು. ತಂದೆಯನ್ನು ಹೇಳಿ ಮಕ್ಕಳನ್ನು ಹೇಳುವುದು ಇನ್ನೊಂದು. ಮಕ್ಕಳು ಮುಗಿದಮೇಲೆ ತಂದೆ, ಇದು ಮೂರನೆಯದು. ಪಟ್ಟಿ ಓದಲು ತಂದೆ ಮೊದಲಿದ್ದರೆ ಚೆಂದ. ಆದರೆ ಇಡೀ ಮರವನ್ನು ಅಳಿಸಬೇಕಾದರೆ ಮಕ್ಕಳಿಂದಲೇ ಶುರುಮಾಡಬೇಕು, ಏಕೆಂದರೆ ಒಳಗೆ ಏನಾದರೂ ಉಳಿದಿರುವ ಫೋಲ್ಡರನ್ನು ವ್ಯವಸ್ಥೆ ತೆಗೆಯಗೊಡುವುದಿಲ್ಲ. ನಾನು ಅಳಿಸುವವರ ಪೈಕಿಯಲ್ಲ, ಹಾಗಾಗಿ ಆ ಮೂರನೆಯ ನಡಿಗೆಯನ್ನು ದೂರದಿಂದಲೇ ಗೌರವಿಸುತ್ತೇನೆ.

ನಮ್ಮ ಸರ್ವರಿನ ಪಟ್ಟಿಯಲ್ಲಿ ನನಗೆ ಅತಿ ಇಷ್ಟವಾದದ್ದು ಹೆಸರುಗಳ ತಲೆಮಾರು. ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಿಸುತ್ತಿದ್ದ ಕಾಲದ ಫೈಲುಗಳ ಒಳಗೆ ಕನ್ನಡ, ಹೊರಗಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಮದುವೆ ಎಂದು ಬರೆಯಲು ಒಬ್ಬರಿಗೆ ಬರೀ ‘ಡಿ’ ಸಾಕು, ಇನ್ನೊಬ್ಬರು ಅದರ ಪಕ್ಕ ‘ಎಚ್’ ಕೂರಿಸಿ ಮಹಾಪ್ರಾಣ ಮಾಡಿದ್ದಾರೆ. ಚಿತ್ರಗಳದಂತೂ ಕ್ಯಾಮೆರಾ ಕೊಟ್ಟ ನಂಬರುಗಳೇ. ನಂಬರುಗಳನ್ನು ಬರೀ ಅಕ್ಷರಗಳಾಗಿ ನೋಡುವ ಸ್ಕ್ಯಾನ್‌ಡಿರ್ 2ಕ್ಕಿಂತ ಮೊದಲು 10ನ್ನು ನಿಲ್ಲಿಸುತ್ತದೆ. ಮನುಷ್ಯರ ಎಣಿಕೆ ಬೇಕಾದರೆ ನ್ಯಾಟ್‌ಸಾರ್ಟ್ ಎಂಬುದನ್ನು ಕರೆಯಬೇಕು. ಯೂನಿಕೋಡ್ ನಮ್ಮೆಲ್ಲರ ಯಂತ್ರಗಳಿಗೆ ಬಂದಮೇಲಿನ ಪದರದಲ್ಲಿ ಹೆಸರುಗಳೂ ಕನ್ನಡ: ‘ಹಳೆಮನೆ’, ‘ಹಸು ಕರು’, ‘ಅತ್ತೆಯ ಪತ್ರಗಳು’. ಆದರೆ ಪಟ್ಟಿಯಲ್ಲಿ ಹಸುವಿಗಿಂತ ಹಳೆಮನೆ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕಟ್ಟಕಡೆಗೆ, ಹ ಆದಮೇಲೆ. ಯೂನಿಕೋಡಿನಲ್ಲಿ ಭಾರತದ ಲಿಪಿಗಳೆಲ್ಲ ಇಸ್ಕಿ ಎಂಬ ಹಳೆಯ ಸಂಕೇತಕ್ರಮದ ಅಚ್ಚಿಗೆ ಹೊಂದಿಕೊಂಡಿರುವುದರಿಂದ ಳ ಬಂದು ಲದ ಮಗ್ಗುಲಲ್ಲಿ ಕೂತಿದೆ, ಸ ಅದಕ್ಕಿಂತ ಹಿಂದಾಗಿದೆ. ನಿಘಂಟು ನೋಡಿ ಬೆಳೆದ ಕಣ್ಣಿಗೆ ಮೊದಲ ಸಲ ಇರಿಸುಮುರಿಸಾಗುತ್ತದೆ.

ಒಂದು ಫೋಲ್ಡರಿನಲ್ಲಿ ‘ಹೋಳಿಗೆ’ ಎಂಬ ಹೆಸರು ಎರಡು ಸಲ ಇದೆ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೈಲು ಇರುವಂತಿಲ್ಲವಲ್ಲ? ಗುಟ್ಟು ಇರುವುದು ಹೋ ಅಕ್ಷರದಲ್ಲಿ. ಒಂದರಲ್ಲಿ ಓತ್ವದ ದೀರ್ಘ ಒಂದೇ ಚಿಹ್ನೆಯಾಗಿ ಕೂತಿದೆ. ಇನ್ನೊಂದು ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನಿಂದ ಬಂದದ್ದು. ಅದು ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು: ಹ, ಅದಕ್ಕೆ ಎತ್ವ, ಕೊಂಬಿನ ಇಳಿ, ಕೊನೆಗೆ ದೀರ್ಘ. ಥೇಟ್ ಒಂದನೇ ತರಗತಿಯ ಸ್ಲೇಟಿನ ಮೇಲೆ ಕೈ ಓಡುವ ಕ್ರಮ! ತೆರೆಯ ಮೇಲೆ ಕೂದಲೆಳೆಯಷ್ಟೂ ಭೇದವಿಲ್ಲ. ಬೈಟುಗಳಲ್ಲಿ ಎಣಿಸಿದರೆ ಮೊದಲನೆಯದು 18, ಎರಡನೆಯದು 24. ಲಿನಕ್ಸ್ ಹೆಸರುಗಳನ್ನು ಬರೀ ಬೈಟುಗಳ ಸಾಲಾಗಿ ನೋಡುವುದರಿಂದ ಎರಡನ್ನೂ ಬೇರೆ ಬೇರೆಯೆಂದು ಒಪ್ಪಿಕೊಂಡಿದೆ. ಬಾಯಿಗೆ ರುಚಿ ಒಂದೇ ಆಗಿರುವವರೆಗೆ ನಾನೂ ಎರಡನ್ನೂ ಇರಗೊಟ್ಟಿದ್ದೇನೆ.

ಇಷ್ಟು ದೂರ ಜೊತೆಗೆ ಬಂದಿರುವ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಫೋಟೋಗಳನ್ನೂ ಬರಹಗಳನ್ನೂ ಕ್ಯಾಮೆರಾದ ನಂಬರುಗಳಿಗೆ ಬಿಟ್ಟುಕೊಡಬೇಡಿ. ಯಾರ ಮನೆಯಲ್ಲಿ, ಯಾವ ಹಬ್ಬಕ್ಕೆ, ಯಾರು ನಕ್ಕದ್ದು ಎಂದು ಕನ್ನಡದಲ್ಲೇ ಹೆಸರು ಬರೆಯಿರಿ. ಇಂದಿನ ಸರ್ವರುಗಳೂ ಸ್ಕ್ರಿಪ್ಟುಗಳೂ ಅದನ್ನು ಅಡ್ಡಿಯಿಲ್ಲದೆ ಹೊರುತ್ತವೆ. ಲಿನಕ್ಸಿನ ಬಳಕೆಯ ಡಿಸ್ಕುಗಳಲ್ಲಿ ಒಂದು ಹೆಸರಿಗೆ 255 ಬೈಟು ಜಾಗವಿದೆ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟಿನಂತೆ, ವ್ಯಂಜನ, ಗುಣಿತ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸಿದರೂ 85 ಚಿಹ್ನೆಗಳಾಗುತ್ತವೆ.